ಕಾಯಿಸಿದ ಮಡಿಯಲ್ಲಿ ಕೊಳವೆಯ ಸುತ್ತಲಿನ ಮಣ್ಣು ಮಾತ್ರ ಒಣಗುವುದೇಕೆ?

ಸಸಿಮಡಿ, ಹಿರಿಯೂರು ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮದೊಂದು ಸಣ್ಣ ಪಾಲಿಹೌಸ್ ಇದೆ. ಅದರಲ್ಲಿ ದಾಳಿಂಬೆ ಮತ್ತು ಅಂಜೂರದ ಕಡ್ಡಿಗಳನ್ನು ಏರುಮಡಿಯಲ್ಲಿ ನೆಟ್ಟು, ಬೇರು ಬಂದ ಮೇಲೆ ಚೀಲಕ್ಕೆ ಹಾಕಿ ಮಾರುತ್ತೇವೆ. ಡಿಸೆಂಬರ್ ಮತ್ತು ಜನವರಿಯಲ್ಲಿ ಹಗಲು ಪಾಲಿಹೌಸಿನೊಳಗೆ ಸೆಕೆ ಇದ್ದರೂ ರಾತ್ರಿ ಹೊರಗಿನ ತಾಪ 15 ಡಿಗ್ರಿಯ ಆಸುಪಾಸಿಗೆ ಇಳಿಯುವುದರಿಂದ, ಮಣ್ಣು ತಣ್ಣಗಿದ್ದು ಕಡ್ಡಿಯ ಮೇಲಿನ ಕಣ್ಣುಗಳು ಮೊದಲು ಒಡೆಯುತ್ತವೆ. ಬೇರಿಲ್ಲದೆ ಚಿಗುರಿದ ಕಡ್ಡಿ ವಾರದೊಳಗೆ ಬಾಡುತ್ತದೆ. ಈ ಕಾರಣಕ್ಕೆ ಈ ವರ್ಷ 10 ಮೀಟರ್ ಉದ್ದ, 1 ಮೀಟರ್ ಅಗಲದ ಒಂದು ಮಡಿಯ ಅಡಿಯಲ್ಲಿ, ಗೇಣುದ್ದ ಆಳದಲ್ಲಿ, ಮುಕ್ಕಾಲು ಇಂಚಿನ ಸಿಪಿವಿಸಿ ಕೊಳವೆಯನ್ನು ಹೋಗಿ ಬರುವಂತೆ ಎರಡು ಸಾಲು ಹಾಕಿ, 200 ಲೀಟರಿನ ಸೋಲಾರ್ ತೊಟ್ಟಿಯ ನೀರನ್ನು ಸಂಜೆ ಆರರಿಂದ ಎರಡು ಗಂಟೆ ಸಣ್ಣ ಪಂಪಿನಲ್ಲಿ ತಿರುಗಿಸುತ್ತಿದ್ದೇವೆ. ಕೊಳವೆ ಕೂರಿಸಿದವರ ಸಲಹೆಯಂತೆ ಅದರ ಸುತ್ತ ನಾಲ್ಕು ಬೆರಳು ಮರಳು ಹಾಕಿದ್ದೆವು.

ಮೊದಲ ವಾರ ಬೆಳಗಿನ ಆರು ಗಂಟೆಗೆ ಕಡ್ಡಿಯ ಬುಡದ ಆಳದಲ್ಲಿ ಥರ್ಮಾಮೀಟರ್ 24 ಡಿಗ್ರಿ ತೋರಿಸುತ್ತಿತ್ತು. ಮೂರನೆಯ ವಾರಕ್ಕೆ ಅದು 21ಕ್ಕೆ ಇಳಿದಿದೆ. ಚಳಿ ಹೆಚ್ಚಿಲ್ಲ, ತೊಟ್ಟಿಯ ನೀರು ಮೊದಲಿನಂತೆಯೇ 60 ಡಿಗ್ರಿಗೆ ಕಾಯುತ್ತಿದೆ. ಆದರೆ ಮೊದಲು ಕೈ ತಾಳುವಷ್ಟು ಆರಿ ಬರುತ್ತಿದ್ದ ಹಿಂತಿರುಗುವ ನೀರು ಈಗ ಕೈ ಇಡಲಾಗದಷ್ಟು ಬಿಸಿಯಾಗಿಯೇ ಮರಳುತ್ತಿದೆ. ಅನುಮಾನ ಬಂದು ನಿನ್ನೆ ಮಡಿಯನ್ನು ಅಡ್ಡಲಾಗಿ ಕತ್ತರಿಸಿ ನೋಡಿದೆ. ಮಡಿಗೆ ಹೊದಿಸಿದ ಪ್ಲಾಸ್ಟಿಕ್ ಹಾಳೆಯ ಅಡಿ ಹನಿಗಳು ತೂಗುತ್ತಿದ್ದವು, ಮೇಲಿನ ನಾಲ್ಕು ಬೆರಳು ಮಣ್ಣು ಹಿಡಿದರೆ ಉಂಡೆಯಾಗುತ್ತಿತ್ತು. ಕೊಳವೆಯ ಸುತ್ತ ಮಾತ್ರ ಒಂದು ಅಂಗೈ ಅಗಲದ ಉಂಗುರದಷ್ಟು ಮಣ್ಣು ಬೂದಿಬಣ್ಣಕ್ಕೆ ತಿರುಗಿ, ಗುದ್ದಲಿ ತಾಗಿದ ಕೂಡಲೇ ಸಕ್ಕರೆಯಂತೆ ಸರಸರನೆ ಜಾರಿತು. ಕೊಳವೆಯ ಮೈಮೇಲೆ ಬಿಳಿಯ ಪುಡಿಯೂ ಕೂತಿತ್ತು. ದಿನವೂ ಡ್ರಿಪ್ಪಿನಲ್ಲಿ ನೀರು ಕೊಡುತ್ತಿರುವ ಮಡಿಯ ನಟ್ಟನಡುವೆ ಈ ಬರಗಾಲ ಹೇಗೆ ಬಂತು?

ದಾಳಿಂಬೆ ತೋಟ, ಹೊಸದುರ್ಗ

ನಮ್ಮ ಸೀಮೆಯಲ್ಲಿ ಮಣ್ಣನ್ನು ತಣ್ಣಗಾಗಿಸುವುದೇ ಕಷ್ಟವಾಗಿರುವಾಗ ಕಾಯಿಸಲು ಹೊರಟಿದ್ದೀರಲ್ಲ ಎಂದು ಮೊದಲು ನಗು ಬಂತು, ಕ್ಷಮಿಸಿ. ಡ್ರಿಪ್ಪಿನ ತೂತುಗಳು ಕಟ್ಟಿಕೊಂಡಿರಬಹುದೇ ಎಂದು ನೋಡಿದ್ದೀರಾ? ಬೋರ್‌ವೆಲ್ ನೀರಿನ ಸುಣ್ಣ ಕೂತರೆ ಅರ್ಧಕ್ಕರ್ಧ ತೂತು ಕುರುಡಾಗುತ್ತವೆ.

ಸಸಿಮಡಿ

ನೋಡಿದ್ದೇನೆ ಅಣ್ಣ. ಲೋಟಗಳನ್ನು ಸಾಲಾಗಿ ಇಟ್ಟು ಅಳೆದೆ, ಹನಿ ಸಮವಾಗಿಯೇ ಬೀಳುತ್ತಿದೆ. ನೀರು ಮಡಿಗೆ ಇಳಿಯುತ್ತಿದೆ, ಕೊಳವೆಯ ಹತ್ತಿರ ಮಾತ್ರ ನಿಲ್ಲುತ್ತಿಲ್ಲ.

ಮಣ್ಣು ಮೇಷ್ಟ್ರು, ಚಿತ್ರದುರ್ಗ

ನಿಮ್ಮ ಮಾತಿನಲ್ಲಿಯೇ ಉತ್ತರ ಅರ್ಧ ಬಂದಿದೆ: ನೀರು ಅಲ್ಲಿ ನಿಲ್ಲುತ್ತಿಲ್ಲ. ಅದು ಎಲ್ಲಿಗೆ, ಯಾವ ರೂಪದಲ್ಲಿ ಹೋಯಿತು ಎಂಬುದನ್ನು ನಿಧಾನವಾಗಿ ನೋಡೋಣ. ಮಣ್ಣು ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಸ್ವಲ್ಪ ನೀರು, ಸ್ವಲ್ಪ ಗಾಳಿ ಇರುತ್ತವೆ. ಆ ಗಾಳಿಯು ನಾವು ಉಸಿರಾಡುವ ಗಾಳಿಯಂತಲ್ಲ; ಗಿಡ ಬಾಡುವಷ್ಟು ಮಣ್ಣು ಒಣಗಿದಾಗಲೂ ಅದರೊಳಗಿನ ಆರ್ದ್ರತೆ ನೂರಕ್ಕೆ ತೊಂಬತ್ತೊಂಬತ್ತರಷ್ಟು ಇರುತ್ತದೆ. ಹೀಗೆ ಎಲ್ಲೆಡೆಯೂ ಗಾಳಿ ಆವಿಯಿಂದ ತುಂಬಿಯೇ ಇರುವುದರಿಂದ, ಒಂದು ಜಾಗದಲ್ಲಿ ಆವಿ ಎಷ್ಟಿದೆ ಎಂಬುದನ್ನು ತೇವಕ್ಕಿಂತ ಹೆಚ್ಚಾಗಿ ತಾಪವೇ ನಿರ್ಧರಿಸುತ್ತದೆ. 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 17 ಗ್ರಾಂ ಆವಿಯನ್ನು ಹಿಡಿದರೆ, 30 ಡಿಗ್ರಿಯಲ್ಲಿ 30 ಗ್ರಾಂ, 40 ಡಿಗ್ರಿಯಲ್ಲಿ 51 ಗ್ರಾಂ, 50 ಡಿಗ್ರಿಯಲ್ಲಿ 83 ಗ್ರಾಂ ಹಿಡಿಯುತ್ತದೆ. ಹತ್ತು ಹತ್ತು ಡಿಗ್ರಿ ಏರಿದಂತೆ ಹೆಚ್ಚುವರಿ ಎಷ್ಟು ಬೆಳೆಯುತ್ತಿದೆ ಎಂಬುದನ್ನು ಗಮನಿಸಿ. ನಿಮ್ಮ ಕೊಳವೆಯ ಮೈ ಹತ್ತಿರ 50 ಡಿಗ್ರಿ, ಒಂದು ಗೇಣು ಮೇಲೆ ಹಾಳೆಯ ಅಡಿಯಲ್ಲಿ 18 ಡಿಗ್ರಿ ಇದೆ ಎಂದುಕೊಂಡರೆ, ಅಲ್ಲಿಂದ ಇಲ್ಲಿಗೆ ಆವಿ ಹರಿಯಲು ಅದೇ ದೊಡ್ಡ ಇಳಿಜಾರು. ಆವಿ ತಣ್ಣನೆಯ ಜಾಗಕ್ಕೆ ಬಂದು ಹನಿಯಾಗುತ್ತದೆ. ನೀವು ಹಾಳೆಯ ಅಡಿ ಕಂಡ ಹನಿಗಳಲ್ಲಿ ಒಂದು ಪಾಲು ಮೊನ್ನೆಯವರೆಗೆ ಕೊಳವೆಯ ಪಕ್ಕದಲ್ಲಿದ್ದ ನೀರೇ.

ಆವಿಯಾಗಿ ಹೋದ ನೀರು ದ್ರವವಾಗಿ ಮರಳಿ ಬರಬಾರದೇ ಎಂದು ನೀವು ಕೇಳಬಹುದು. ಖಂಡಿತ ಬರುತ್ತದೆ. ಒಣಗಿದ ಕಡೆಗೆ ಒದ್ದೆಯ ಕಡೆಯಿಂದ ನೀರು ಕೇಶಾಕರ್ಷಣೆಯಿಂದ ಎಳೆದುಕೊಂಡು ಬರುತ್ತಲೇ ಇರುತ್ತದೆ. ಆದ್ದರಿಂದ ಕಾಯಿಸಿದ ಮಣ್ಣಿನಲ್ಲಿ ನೀರು ಸುತ್ತುತ್ತಿರುತ್ತದೆ: ಆವಿಯಾಗಿ ಹೊರಗೆ, ದ್ರವವಾಗಿ ಒಳಗೆ. ಎರಡೂ ಸಮನಾಗಿರುವವರೆಗೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ, ಏಕೆಂದರೆ ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 2,400 ಕಿಲೊಜೂಲ್ ಶಾಖವನ್ನು ಹೊತ್ತುಕೊಂಡು ಹೋಗಿ, ತಣ್ಣನೆಯ ಜಾಗದಲ್ಲಿ ಹನಿಯಾಗುವಾಗ ಅದನ್ನು ಅಲ್ಲಿ ಇಳಿಸುತ್ತದೆ. ಅಂದರೆ ಆವಿಯೇ ನಿಮ್ಮ ಶಾಖವನ್ನು ಕಡ್ಡಿಯ ಬುಡಕ್ಕೆ ಮುಟ್ಟಿಸುವ ಕೂಲಿಯಾಳು. ಮೊದಲ ವಾರ ನಿಮಗೆ 24 ಡಿಗ್ರಿ ಸಿಕ್ಕಿದ್ದರಲ್ಲಿ ಅವನ ದುಡಿಮೆಯೂ ಇದೆ.

ಹೊರಹೋಗುವ ವೇಗ ಒಳಬರುವ ವೇಗವನ್ನು ಮೀರಿದಾಗ ಈ ಲೆಕ್ಕ ಕೆಡುತ್ತದೆ. ಮರಳಿನಲ್ಲಿ ಮತ್ತು ನಮ್ಮ ಗರಸು ಕೆಂಪು ಮಣ್ಣಿನಲ್ಲಿ ದೊಡ್ಡ ಸಂದುಗಳು ಮೊದಲು ಖಾಲಿಯಾಗುತ್ತವೆ. ಉಳಿಯುವುದು ಕಣಗಳ ಮೈಗಂಟಿದ ತೆಳುಪೊರೆ. ಆ ಪೊರೆಯ ಮೂಲಕ ನೀರು ಸರಿಯುವ ವೇಗವು ತುಂಬಿದ ಸಂದಿನ ವೇಗಕ್ಕೆ ಹೋಲಿಸಿದರೆ ಸಾವಿರ ಪಟ್ಟು ಕಡಿಮೆಯಾಗಬಲ್ಲದು. ಆವಿ ಹೋಗುವ ದಾರಿಯೋ, ಸಂದು ಖಾಲಿಯಾದಷ್ಟೂ ಅಗಲವಾಗುತ್ತದೆ. ಒಮ್ಮೆ ಅಲ್ಲಿಗೆ ಬಂದರೆ ಉಂಗುರ ತಾನೇ ತಾನಾಗಿ ಬೆಳೆಯುತ್ತದೆ.

ಒಣಗಿದ ಉಂಗುರ ಶಾಖವನ್ನೂ ತಡೆಯುತ್ತದೆ. ಶಾಖ ಸಾಗಿಸುವುದರಲ್ಲಿ ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಮೇಲು. ಎರಡು ಕಣಗಳು ತಾಗುವ ಮೂಲೆಯಲ್ಲಿ ಒಂದು ಹನಿ ನೀರಿದ್ದರೆ ಅದು ಸೇತುವೆಯಾಗುತ್ತದೆ. ಅದು ಹೋದರೆ ಶಾಖವು ಕಣಗಳು ತಾಗುವ ಸೂಜಿಮೊನೆಯಷ್ಟು ಜಾಗದಲ್ಲಿಯೇ ನುಸುಳಬೇಕು. ಒದ್ದೆ ಮಣ್ಣಿಗೂ ಒಣಮರಳಿಗೂ ಉಷ್ಣವಾಹಕತೆಯಲ್ಲಿ ನಾಲ್ಕೈದು ಪಟ್ಟು ವ್ಯತ್ಯಾಸ ಬರುವುದು ಹೀಗೆ. ಅದರಲ್ಲೂ ಕೊಳವೆ ದುಂಡಗಿರುವುದರಿಂದ ಅದರ ಹತ್ತಿರದ ಮಣ್ಣಿನ ಪಾತ್ರವೇ ಹೆಚ್ಚು. ಕೊಳವೆಯ ಮಧ್ಯದಿಂದ ಅದರ ಮೈ 1 ಸೆಂಟಿಮೀಟರ್ ದೂರದಲ್ಲಿದ್ದು, ಒಣ ಉಂಗುರ 6 ಸೆಂಟಿಮೀಟರ್ ದೂರದವರೆಗೆ ಹರಡಿದ್ದರೆ, ಆ ಉಂಗುರ ಒಡ್ಡುವ ಒಟ್ಟು ತಡೆಯಲ್ಲಿ ಅರ್ಧದಷ್ಟು ಮೊದಲ ಒಂದೂವರೆ ಸೆಂಟಿಮೀಟರಿನಲ್ಲಿಯೇ ಇರುತ್ತದೆ. ನೀರು ಬಿಸಿಯಾಗಿಯೇ ಹಿಂತಿರುಗುತ್ತಿದೆ ಎಂದಿರಲ್ಲ, ಅದಕ್ಕೆ ಇದೇ ಕಾರಣ. ಶಾಖ ಕೊಳವೆಯಿಂದ ಇಳಿಯಲು ಜಾಗವಿಲ್ಲದೆ ಸುತ್ತಾಡಿ ಮನೆಗೆ ಮರಳುತ್ತಿದೆ.

ಎರೆಹೊಲ, ಹರಿಹರ

ಮೇಷ್ಟ್ರೇ, ತಮ್ಮ ಮಾತು ಓದಿ ನಮ್ಮ ತಂದೆಯ ಕಾಲದ ಕುಂಟೆ ನೆನಪಾಯಿತು. ಎರೆ ಹೊಲದಲ್ಲಿ ಹಿಂಗಾರಿ ಜೋಳ, ಕಡಲೆ ಬಿತ್ತಿದ ಮೇಲೆ ಮಳೆ ಬಾರದಿದ್ದರೂ ಸಾಲಿನ ನಡುವೆ ಎಡೆಕುಂಟೆ ಹೊಡೆಯುತ್ತಲೇ ಇರುತ್ತಿದ್ದರು. ಕಳೆ ಇಲ್ಲದ ಹೊಲಕ್ಕೆ ಕುಂಟೆ ಏಕೆ ಎಂದು ನಾನು ಕೇಳಿದರೆ, ಮೇಲೆ ಎರಡು ಬೆರಳು ಪುಡಿಮಣ್ಣು ನಿಂತರೆ ಕೆಳಗಿನ ತೇವ ಮೇಲೇಳುವುದಿಲ್ಲ, ಬಿರುಕೂ ಮುಚ್ಚುತ್ತದೆ ಎನ್ನುತ್ತಿದ್ದರು. ಇವರ ಕೊಳವೆಯ ಸುತ್ತ ಆಗಿರುವುದೂ ಅದೇ ಪುಡಿಮಣ್ಣಿನ ಹೊದಿಕೆಯಲ್ಲವೇ? ನಮ್ಮಲ್ಲಿ ಬೇಕೆಂದೇ ಮಾಡಿಕೊಳ್ಳುತ್ತಿದ್ದೆವು, ಇವರಲ್ಲಿ ಬೇಡವಾದ ಕಡೆ ಆಗಿದೆ.

ಮಣ್ಣು ಮೇಷ್ಟ್ರು

ಅದೇ ಕ್ರಿಯೆ, ಸರಿಯಾಗಿ ಹಿಡಿದಿದ್ದೀರಿ. ಕುಂಟೆ ಹೊಡೆದಾಗ ಮೇಲ್ಪದರದ ಸಣ್ಣ ನಾಳಗಳು ಕಡಿದು, ಅದು ಬೇಗ ಒಣಗಿ, ದ್ರವ ನೀರಿಗೆ ದಾರಿ ಮುಚ್ಚುತ್ತದೆ. ಅಲ್ಲದೆ ಹಗಲಿನ ಶಾಖವನ್ನೂ ಕೆಳಗಿಳಿಯದಂತೆ ತಡೆಯುತ್ತದೆ. ಬಯಲುಸೀಮೆಯಲ್ಲಿ ಬೇಸಿಗೆಯ ಬೆಳಿಗ್ಗೆ ದೊಡ್ಡ ಚಪ್ಪಟೆ ಕಲ್ಲನ್ನು ಎತ್ತಿದರೆ ಅದರ ಅಡಿ ತೇವ ಕಾಣುವುದನ್ನೂ ನೀವು ನೋಡಿರಬಹುದು. ರಾತ್ರಿ ಮೇಲ್ಮೈ ತಣ್ಣಗಾದಾಗ ಕೆಳಗಿನ ಬೆಚ್ಚನೆಯ ಮಣ್ಣಿನಿಂದ ಆವಿ ಮೇಲೆದ್ದು, ದಾಟಲಾಗದ ಕಲ್ಲಿಗೆ ತಾಗಿ ನಿಂತ ತೇವ ಅದರಲ್ಲಿ ಸೇರಿರುತ್ತದೆ.

ಕೇಬಲ್ ಕೆಲಸ, ದಾವಣಗೆರೆ

ನಾನು ಕೃಷಿಕನಲ್ಲ. ನೆಲದಡಿ ವಿದ್ಯುತ್ ಕೇಬಲ್ ಹಾಕುವ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದಿದ್ದೇನೆ. ಈ ಒಣ ಉಂಗುರ ನಮ್ಮ ಹಳೆಯ ಶತ್ರು. ಕೇಬಲ್ ಹೊರುವ ವಿದ್ಯುತ್ತಿನ ಮಿತಿಯನ್ನು ಲೆಕ್ಕಹಾಕುವಾಗ ನಮ್ಮ ದೇಶದಲ್ಲಿ ನೆಲದ ತಾಪ 30 ಡಿಗ್ರಿ ಎಂದೂ, ಮಣ್ಣಿನ ಶಾಖತಡೆ ಒಂದೂವರೆ ಎಂದೂ ಹಿಡಿಯುವುದು ವಾಡಿಕೆ. ಅಂದರೆ ಒಂದು ಮೀಟರ್ ಉದ್ದಗಲದ, ಒಂದು ಮೀಟರ್ ದಪ್ಪದ ಮಣ್ಣಿನ ಮೂಲಕ ಒಂದು ವ್ಯಾಟ್ ಶಾಖ ದಾಟಲು ಒಂದೂವರೆ ಡಿಗ್ರಿಯ ವ್ಯತ್ಯಾಸ ಬೇಕು. ಸುತ್ತಲಿನ ಮಣ್ಣು ಒಣಗಿದರೆ ಆ ತಡೆ ಇಮ್ಮಡಿಯಾಗುತ್ತದೆ, ಕೇಬಲ್ ಇನ್ನೂ ಕಾಯುತ್ತದೆ, ಕಾದಂತೆ ಮಣ್ಣು ಇನ್ನೂ ಒಣಗುತ್ತದೆ. ಕೊನೆಗೆ ಸುಡುವುದು ಕೇಬಲ್ಲಿನ ನಿರೋಧಕ ಹೊದಿಕೆ. ನಿಮ್ಮಲ್ಲಿ ಒಂದು ಅನುಕೂಲವಿದೆ: ಬಿಸಿನೀರಿನ ಕೊಳವೆ ತೊಟ್ಟಿಯ ನೀರಿಗಿಂತ ಹೆಚ್ಚು ಕಾಯಲಾರದು, ಆದ್ದರಿಂದ ಉಂಗುರ ಒಂದು ಹಂತಕ್ಕೆ ಬಂದು ನಿಲ್ಲುತ್ತದೆ. ಮಣ್ಣು ಕಾಯಿಸಲು ವಿದ್ಯುತ್ ತಂತಿಯನ್ನೇ ಹೂಳುವವರು ಇದ್ದರೆ ಅವರು ಮಾತ್ರ ಥರ್ಮೋಸ್ಟಾಟ್ ಇಲ್ಲದೆ ಹೂಳಬಾರದು.

ಕೇಬಲ್ ಕಂದಕ ತುಂಬಲು ನಾವು ಬರಿಯ ಒಂದೇ ಗಾತ್ರದ ದಪ್ಪ ಮರಳನ್ನು ಇಷ್ಟಪಡುವುದಿಲ್ಲ. ದಪ್ಪ, ನಡುಗಾತ್ರ, ನುಣುಪು ಮೂರೂ ಬೆರೆತ ತುಂಬನ್ನು ದಮ್ಮಸು ಮಾಡಿ ಕೂರಿಸಿದರೆ ಅದು ಒಣಗಿದಾಗಲೂ ಕಣಗಳು ಒತ್ತಾಗಿ ತಾಗಿಕೊಂಡಿರುವುದರಿಂದ ಶಾಖ ಹರಿಯುತ್ತದೆ.

ಮಂಡಕ್ಕಿ ಭಟ್ಟಿ ಓಣಿ, ದಾವಣಗೆರೆ

ಒಣಮರಳು ಶಾಖವನ್ನು ದಾಟಿಸುವುದಿಲ್ಲ ಎನ್ನುವುದಕ್ಕೆ ನಮ್ಮ ಓಣಿಗೆ ಬನ್ನಿ. ಭಟ್ಟಿಯ ಬಾಣಲೆಯಲ್ಲಿ ಅಡಿಯ ಮರಳು ಸುಡುತ್ತಿದ್ದರೂ ಕೈಯಾಡಿಸದೆ ಬಿಟ್ಟರೆ ಮೇಲಿನ ಮರಳಿನಲ್ಲಿ ಅಕ್ಕಿ ಅರಳುವುದೇ ಇಲ್ಲ. ಅದಕ್ಕೇ ಭಟ್ಟಿಯವರ ಕೈ ಒಂದು ಕ್ಷಣವೂ ನಿಲ್ಲುವುದಿಲ್ಲ. ಮಡಿಯ ಮರಳಿಗೆ ಕೈಯಾಡಿಸುವವರು ಯಾರು?

ಸಸಿಮಡಿ

ಎಲ್ಲರಿಗೂ ಉಪಕಾರ. ಹಾಗಾದರೆ ಮರಳು ಹಾಕಿದ್ದೇ ತಪ್ಪಾಯಿತು ಎಂದಾಯಿತು. ಮೇಷ್ಟ್ರೇ, ಎರಡು ಸಂದೇಹಗಳಿವೆ. ಕೊಳವೆಯ ಮೇಲೆ ಕೂತ ಬಿಳಿಯ ಪುಡಿ ಉಪ್ಪೇ ಇರಬೇಕು. ನಾಲಿಗೆಗೆ ಹಚ್ಚಿ ನೋಡಿದೆ, ಒಗರು ಮಿಶ್ರಿತ ಉಪ್ಪುರುಚಿ. ನೀರು ಅಲ್ಲಿಂದ ಹೊರಗೆ ಹೋಗುತ್ತಿದೆ ಎಂದರೆ ಉಪ್ಪೂ ಅದರೊಂದಿಗೆ ಹೋಗಬೇಕಿತ್ತಲ್ಲವೇ? ಇನ್ನೊಂದು, ನೀರನ್ನು ಇನ್ನೂ ಹೆಚ್ಚು ಕೊಟ್ಟರೆ ಉಂಗುರ ಮುಚ್ಚುವುದಿಲ್ಲವೇ?

ಮಣ್ಣು ಮೇಷ್ಟ್ರು

ಮಣ್ಣಿನ ಪುಡಿಯನ್ನು ನಾಲಿಗೆಗೆ ಹಚ್ಚುವ ಅಭ್ಯಾಸ ಬಿಡಿ, ಗೊಬ್ಬರ ಮತ್ತು ಔಷಧಿ ಬಿದ್ದ ಮಣ್ಣು ಅದು. ಆದರೆ ಪ್ರಶ್ನೆ ಬಹಳ ಒಳ್ಳೆಯದು.

ಆವಿಯಾಗಿ ಹೋಗುವ ನೀರು ಉಪ್ಪನ್ನು ಬಿಟ್ಟು ಹೋಗುತ್ತದೆ. ದ್ರವವಾಗಿ ಬರುವ ನೀರು ಉಪ್ಪನ್ನು ಹೊತ್ತು ತರುತ್ತದೆ. ಆದ್ದರಿಂದ ನೀರು ಸುತ್ತಿದಷ್ಟೂ ಉಪ್ಪು ಬಿಸಿಯ ಕಡೆಗೆ ಬಂದು ಸೇರುತ್ತ ಹೋಗುತ್ತದೆ. ಆಸ್ಟ್ರೇಲಿಯಾದಲ್ಲಿ ಗರ್, ಮಾರ್ಷಲ್ ಮತ್ತು ಹಟನ್ ಎಂಬ ಮೂವರು 1952ರಲ್ಲಿ ಇದನ್ನೇ ಸೊಗಸಾಗಿ ತೋರಿಸಿದರು. ಎರಡೂ ತುದಿ ಮುಚ್ಚಿದ ಮಣ್ಣಿನ ಕಂಬದ ಒಂದು ತುದಿಯನ್ನು ಬೆಚ್ಚಗೂ ಇನ್ನೊಂದನ್ನು ತಣ್ಣಗೂ ಇಟ್ಟಾಗ, ಒಟ್ಟು ನೀರು ತಣ್ಣನೆಯ ತುದಿಗೆ ಸರಿದಿದ್ದರೂ ಕ್ಲೋರೈಡ್ ಉಪ್ಪು ಬಿಸಿ ತುದಿಯಲ್ಲಿ ಹೆಚ್ಚಿತ್ತು. ನೀರು ಒಂದೇ ದಿಕ್ಕಿನಲ್ಲಿ ದ್ರವವಾಗಿ ಹರಿದಿದ್ದರೆ ಉಪ್ಪು ಬಿಸಿ ತುದಿಯಲ್ಲಿ ಹೆಚ್ಚಲು ಸಾಧ್ಯವೇ ಇರಲಿಲ್ಲ. ನಿಮ್ಮ ಕೊಳವೆಯ ಮೈಮೇಲಿನ ಬಿಳುಪು ಆ ಪ್ರಯೋಗವನ್ನು ಹಿರಿಯೂರಿನಲ್ಲಿ ಮತ್ತೆ ಮಾಡಿ ತೋರಿಸಿದೆ. ಗಡಸು ಬೋರ್‌ವೆಲ್ ನೀರು ಬೇಗ ತೋರಿಸಿತು, ಅಷ್ಟೇ ವ್ಯತ್ಯಾಸ.

ಈಗ ಎರಡನೆಯ ಪ್ರಶ್ನೆ. ಬಹಳ ಒದ್ದೆಯಾದ ಮಣ್ಣಿನಲ್ಲಿ ಸಂದುಗಳು ನೀರಿನಿಂದ ತುಂಬಿ ಆವಿಗೆ ದಾರಿ ಇರುವುದಿಲ್ಲ. ಬಹಳ ಒಣಗಿದ ಮಣ್ಣಿನಲ್ಲಿ ಹೋಗಲು ನೀರೇ ಇರುವುದಿಲ್ಲ. ನಡುವಿನ ತೇವದಲ್ಲಿಯೇ ಸಾಗಾಟ ಅತಿ ಹೆಚ್ಚು ಎಂಬುದನ್ನು ಅಮೆರಿಕದ ಮಣ್ಣು ವಿಜ್ಞಾನಿ ಬೌಯೂಕಸ್ 1915ರಷ್ಟು ಹಿಂದೆಯೇ ಗಮನಿಸಿದ್ದರು. ಅದು ಏಕೆ ಎಂದು ಸರಿಯಾಗಿ ವಿವರಿಸಿದವರು ಆಸ್ಟ್ರೇಲಿಯಾದ ಫಿಲಿಪ್ ಮತ್ತು ಹಾಲೆಂಡಿನ ಡಿ ವ್ರೀಸ್, 1957ರಲ್ಲಿ. ಕಣಗಳ ನಡುವೆ ಸಿಕ್ಕಿಕೊಂಡ ನೀರಿನ ದ್ವೀಪಗಳು ಆವಿಯನ್ನು ತಡೆಯುತ್ತವೆ ಎಂದು ಅಲ್ಲಿಯವರೆಗೆ ತಿಳಿದಿದ್ದರು. ಇವರು ಹೇಳಿದ್ದು, ಆವಿ ದ್ವೀಪದ ಬಿಸಿ ಬದಿಯಲ್ಲಿ ಹನಿಯಾಗುತ್ತದೆ, ಅದೇ ಹೊತ್ತಿಗೆ ತಣ್ಣನೆಯ ಬದಿಯಿಂದ ಅಷ್ಟೇ ನೀರು ಆವಿಯಾಗಿ ಮುಂದೆ ಹೋಗುತ್ತದೆ. ಬಕೆಟ್ ಕೈಯಿಂದ ಕೈಗೆ ದಾಟಿಸಿದ ಹಾಗೆ. ಹೀಗಾಗಿ ಬರಿಯ ಗಾಳಿಯಲ್ಲಿ ಆವಿ ಹರಡುವ ಲೆಕ್ಕಕ್ಕಿಂತ ಹಲವು ಪಟ್ಟು ಹೆಚ್ಚು ಆವಿ ಮಣ್ಣಿನಲ್ಲಿ ಸಾಗುತ್ತದೆ.

ಮಡಿಯನ್ನು ಕೆಸರು ಮಾಡಿದರೆ ಉಂಗುರ ಮುಚ್ಚುತ್ತದೆ, ನಿಜ. ಕಡ್ಡಿಯ ಬುಡವೂ ಕೊಳೆಯುತ್ತದೆ. ಆದ್ದರಿಂದ ನೀರು ಹೆಚ್ಚಿಸುವುದು ಉತ್ತರವಲ್ಲ, ಸುಡುವುದನ್ನು ಕಡಿಮೆ ಮಾಡುವುದು ಉತ್ತರ. 60 ಡಿಗ್ರಿಯ ನೀರನ್ನು ಎರಡು ಗಂಟೆ ಓಡಿಸುವ ಬದಲು ತಣ್ಣೀರು ಬೆರೆಸಿ 38ರಿಂದ 40 ಡಿಗ್ರಿಗೆ ತಂದು ರಾತ್ರಿಯೆಲ್ಲ ನಿಧಾನವಾಗಿ ತಿರುಗಿಸಿ. ಎರಡು ಸಾಲಿನ ನಡುವೆ ಮೂರನೆಯ ಸಾಲು ಹಾಕಿ, ಒಂದೊಂದು ಕೊಳವೆಯ ಹೊರೆ ಇಳಿಯಲಿ. 1970ರ ದಶಕದಲ್ಲಿ ಅಮೆರಿಕದಲ್ಲಿ ವಿದ್ಯುತ್ ಸ್ಥಾವರಗಳು ಹೊರಬಿಡುವ ಬೆಚ್ಚನೆಯ ನೀರಿನ ಶಾಖವನ್ನು ನೆಲದಡಿ ಕೊಳವೆಗಳಲ್ಲಿ ಹರಿಸಿ ಬೆಳೆ ತೆಗೆಯುವ ಪ್ರಯೋಗಗಳು ನಡೆದಾಗಲೂ, ಕೊಳವೆಯ ಸುತ್ತಲಿನ ಮಣ್ಣು ಒಣಗದಂತೆ ನೋಡಿಕೊಳ್ಳುವುದು ಅವರ ಮುಂದಿದ್ದ ಪ್ರಶ್ನೆಗಳಲ್ಲಿ ಒಂದಾಗಿತ್ತು.

ಕೊಳವೆಯ ಸುತ್ತ ಮರಳಿನ ಬದಲು ಕೆರೆಯ ಗೋಡುಮಣ್ಣು ಒಂದು ಪಾಲು, ನಿಮ್ಮ ಕೆಂಪು ಮಣ್ಣು ಎರಡು ಪಾಲು ಸೇರಿಸಿ ಒದ್ದೆಯಾಗಿಯೇ ಒತ್ತಿ ಕೂರಿಸಿ. ಬರಿಯ ಗೋಡು ಹಾಕಬೇಡಿ. ಅದು ಒಣಗಿದಾಗ ಕುಗ್ಗಿ ಕೊಳವೆಯಿಂದ ಬಿಟ್ಟುಕೊಂಡರೆ ನಡುವೆ ಗಾಳಿಯ ಪೊರೆ ನಿಂತು ಮರಳಿಗಿಂತ ಕೆಟ್ಟದಾಗುತ್ತದೆ. ಡ್ರಿಪ್ಪಿನ ಒಂದು ಲ್ಯಾಟರಲ್ ಅನ್ನು, ಅಂದರೆ ಹನಿ ಬಿಡುವ ಸಣ್ಣ ಕೊಳವೆಯನ್ನು, ಬಿಸಿನೀರಿನ ಕೊಳವೆಗಿಂತ ಎರಡು ಬೆರಳು ಮೇಲೆ ಹೂತರೆ, ನೀರು ಬೇಕಾದಲ್ಲಿಗೇ ತಲುಪುತ್ತದೆ. ಉಪ್ಪಿಗೆ ಒಂದೇ ದಾರಿ, ಹದಿನೈದು ದಿನಕ್ಕೊಮ್ಮೆ ಕಾಯಿಸುವುದನ್ನು ನಿಲ್ಲಿಸಿ ಮಳೆನೀರೋ ಕೃಷಿಹೊಂಡದ ನೀರೋ ಹೆಚ್ಚಾಗಿ ಕೊಟ್ಟು ಕೆಳಗೆ ತೊಳೆದುಬಿಡುವುದು.

ದಾಳಿಂಬೆ ತೋಟ

ಶಾಖದ ಲೆಕ್ಕವೇ ನನಗೆ ಕೂಡುತ್ತಿಲ್ಲ. 200 ಲೀಟರ್ ನೀರಿನಿಂದ ಅಷ್ಟು ದೊಡ್ಡ ಮಡಿ ಕಾಯುತ್ತದೆಯೇ? ನೀರು ತಣ್ಣಗೆ ಮಾಡಿ ಕೊಡಿ ಎಂದರೆ ಇನ್ನೂ ಕಡಿಮೆಯಾಗುವುದಿಲ್ಲವೇ?

ಮಣ್ಣು ಮೇಷ್ಟ್ರು

ತಣ್ಣೀರು ಬೆರೆಸಿದರೆ ತಾಪ ಇಳಿಯುತ್ತದೆ, ಶಾಖ ಇಳಿಯುವುದಿಲ್ಲ. ಅದೇ ಶಾಖ ಹೆಚ್ಚು ನೀರಿನಲ್ಲಿ ಹಂಚಿಕೊಂಡಿರುತ್ತದೆ. ಲೆಕ್ಕ ಹೀಗಿದೆ. 200 ಲೀಟರ್ ನೀರು 60ರಿಂದ 35 ಡಿಗ್ರಿಗೆ ಆರಿದರೆ ಸುಮಾರು 21,000 ಕಿಲೊಜೂಲ್ ಬಿಡುತ್ತದೆ. ಮಡಿಯ ಮೇಲಿನ 20 ಸೆಂಟಿಮೀಟರ್ ಮಣ್ಣು 2 ಘನ ಮೀಟರ್ ಆಯಿತು. ಹದವಾದ ತೇವದ ಅಷ್ಟು ಮಣ್ಣನ್ನು ಒಂದು ಡಿಗ್ರಿ ಏರಿಸಲು ಸುಮಾರು 5,000 ಕಿಲೊಜೂಲ್ ಬೇಕು. ಎಲ್ಲವೂ ಮಣ್ಣಿಗೇ ದಕ್ಕಿದರೆ ನಾಲ್ಕು ಡಿಗ್ರಿ. ಇದರಲ್ಲಿ ನಾಲ್ಕು ಲೀಟರ್ ನೀರು ಆವಿಯಾಗಿ ಮಡಿಯಿಂದ ಹೊರಗೆ ಹೋಯಿತೆನ್ನಿ, 9,600 ಕಿಲೊಜೂಲ್ ಅದರ ಬೆನ್ನೇರಿ ಹೋಗುತ್ತದೆ, ನಿಮಗೆ ಉಳಿಯುವುದು ಎರಡು ಡಿಗ್ರಿಯ ಮೇಲೆ ಸ್ವಲ್ಪ. ಅದಕ್ಕೇ ಹಾಳೆಯ ಹೊದಿಕೆ ಅಂಚಿನಲ್ಲಿ ಮಣ್ಣು ಮುಚ್ಚಿ ಬಿಗಿಯಾಗಿರಬೇಕು. ಆವಿ ಹಾಳೆಗೆ ತಾಗಿ ಮರಳಿ ಮಡಿಗೇ ಬಿದ್ದರೆ ನೀರು ನಿಮ್ಮದೇ, ಶಾಖದ ಬಹುಪಾಲೂ ಮಡಿಯ ಮೇಲ್ಭಾಗಕ್ಕೇ ಸಿಗುತ್ತದೆ. ಸಂದಿನಿಂದ ಹೊರಬಿದ್ದರೆ ಎರಡೂ ಹೋದವು. ರಾತ್ರಿ ಹಾಳೆಯ ಮೇಲೆ ಹಳೆಯ ಗೋಣಿಚೀಲ ಹೊದಿಸಿದರೆ ಇನ್ನೂ ಒಳ್ಳೆಯದು.

ಸಸಿಮಡಿ

ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ಮಡಿಯ ಅರ್ಧಭಾಗವನ್ನು, ಅಂದರೆ ಐದು ಮೀಟರನ್ನು, ಕಿತ್ತು ಹೊಸದಾಗಿ ಕಟ್ಟಿದೆವು. ಮರಳು ತೆಗೆದು ಗೋಡು ಮತ್ತು ಕೆಂಪು ಮಣ್ಣಿನ ಮಿಶ್ರಣ ಒತ್ತಿದೆವು, ಮೂರನೆಯ ಸಾಲು ಸೇರಿಸಿದೆವು, ಪ್ರತ್ಯೇಕ ವಾಲ್ವ್ ಹಾಕಿ ಈ ಭಾಗಕ್ಕೆ 40 ಡಿಗ್ರಿಯ ನೀರನ್ನೇ ಬಿಟ್ಟೆವು, ಲ್ಯಾಟರಲ್ ಹೂತೆವು. ಇನ್ನರ್ಧ ಹಳೆಯದರಂತೆಯೇ ಇದೆ. ಕಳೆದ ನಾಲ್ಕು ದಿನ ಬೆಳಗಿನ ಆರಕ್ಕೆ ಹೊಸ ಭಾಗ 23ರಿಂದ 24, ಹಳೆಯ ಭಾಗ 21. ಹಿಂತಿರುಗುವ ನೀರು ಹೊಸ ಭಾಗದಿಂದ ಉಗುರುಬೆಚ್ಚಗೆ ಬರುತ್ತಿದೆ.

ಇವತ್ತು ಒಂದು ಕಡೆ ಅಗೆದು ನೋಡಿದೆ. ಕೊಳವೆಗೆ ತಾಗಿದಂತೆ ಒಂದು ರೂಪಾಯಿ ನಾಣ್ಯದ ದಪ್ಪದಷ್ಟು ಮಣ್ಣು ಮಾತ್ರ ಸ್ವಲ್ಪ ಪೇಲವವಾಗಿತ್ತು. ಅದರಾಚೆಯ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದರೆ ಬೆರಳಿನ ಗುರುತು ಉಳಿಯಿತು. ಎರಡು ದಾಳಿಂಬೆ ಕಡ್ಡಿಗಳನ್ನು ಎಳೆದು ನೋಡಿದಾಗ ಬುಡದಲ್ಲಿ ಅಕ್ಕಿಕಾಳಿನಂತೆ ಬಿಳಿಯ ಗಂಟುಗಳು ಎದ್ದಿದ್ದವು, ಬೇರು ಒಡೆಯುವ ಮೊದಲಿನ ಗುರುತು.

ಮಣ್ಣು ಮೇಷ್ಟ್ರು

ಸಂತೋಷ. ಆದರೆ ನನ್ನ ವಿದ್ಯಾರ್ಥಿಯಾಗಿದ್ದರೆ ಅಂಕ ಕಡಿಯುತ್ತಿದ್ದೆ. ಮಣ್ಣು, ಸಾಲು, ನೀರಿನ ತಾಪ, ಲ್ಯಾಟರಲ್, ನಾಲ್ಕನ್ನೂ ಒಟ್ಟಿಗೆ ಬದಲಿಸಿದ್ದೀರಿ. ಯಾವುದು ಎಷ್ಟು ಫಲ ಕೊಟ್ಟಿತು ಎಂದು ಈಗ ಹೇಳುವವರಾರು? ಮುಂದಿನ ಮಡಿ ಕಟ್ಟುವಾಗ ಖರ್ಚಾಗುವುದು ಮೂರನೆಯ ಸಾಲಿಗೆ. ಅದು ಬೇಕೋ ಬೇಡವೋ ಎಂದು ತಿಳಿಯಲು, ಹಳೆಯ ಭಾಗಕ್ಕೆ ಮರಳು ತೆಗೆಯದೆ, ಸಾಲು ಸೇರಿಸದೆ, ಮೊದಲು ಚೆನ್ನಾಗಿ ನೀರುಣಿಸಿ ಆಮೇಲೆ 40 ಡಿಗ್ರಿಯ ನೀರನ್ನು ಮಾತ್ರ ಬಿಟ್ಟು ಒಂದು ವಾರ ನೋಡಿ. ಹೆಚ್ಚಿನ ಲಾಭ ಅದರಿಂದಲೇ ಬರುತ್ತದೆ ಎಂದು ನನ್ನ ಊಹೆ.

ಎರೆಹೊಲ

ನನ್ನದೊಂದು ಸಲಹೆ. ಕೆಳಗೆ ಇಳಿದು ಹೋಗುವ ಶಾಖವನ್ನು ತಡೆಯಲು ಕೊಳವೆಯ ಅಡಿಯಲ್ಲಿ ಒಂದು ಗೇಣು ಭತ್ತದ ಹೊಟ್ಟು ಹಾಸಬಾರದೇ? ನಮ್ಮ ಕಡೆ ಅಕ್ಕಿ ಗಿರಣಿಗಳಲ್ಲಿ ಲೋಡುಗಟ್ಟಲೆ ಸಿಗುತ್ತದೆ.

ಕೇಬಲ್ ಕೆಲಸ

ಹೊಟ್ಟು ಒಣಗಿರುವವರೆಗೆ ಚೆನ್ನಾಗಿ ತಡೆಯುತ್ತದೆ. ಒದ್ದೆಯಾದರೆ ಅದೂ ಮಣ್ಣಿನಂತೆಯೇ ಶಾಖ ಬಿಡುತ್ತದೆ, ಕುಸಿದು ಮಡಿಯೂ ತಗ್ಗಾಗುತ್ತದೆ. ಒಣಗಿರಲೆಂದು ಪ್ಲಾಸ್ಟಿಕ್ ಸುತ್ತಿದರೆ ಮೇಷ್ಟ್ರು ಹೇಳಿದ ಉಪ್ಪು ತೊಳೆಯುವ ನೀರು ಎಲ್ಲಿಗೆ ಇಳಿಯಬೇಕು?

ಮಣ್ಣು ಮೇಷ್ಟ್ರು

ಅಡಿಯಲ್ಲಿ ಹಾಸುವುದು ಬೇಡ. ನಮ್ಮ ನೆಲ ಹಾಲೆಂಡಿನ ನೆಲದಂತೆ ಹೆಪ್ಪುಗಟ್ಟುವಷ್ಟು ತಣ್ಣಗಿಲ್ಲ. ಮಡಿಯಿಂದ ಕೆಳಗಿಳಿದ ಶಾಖ ಒಂದಷ್ಟು ದಿನದ ಮೇಲಾದರೂ ಕೆಳಗಿನ ಮಣ್ಣಿನ ತಾಪವನ್ನು ಏರಿಸಿ ಮುಂದಿನ ಸೋರಿಕೆಯನ್ನು ಕಡಿಮೆ ಮಾಡುತ್ತದೆ. ಬದಿಗಳಿಂದ ಹೋಗುವುದು ಮಾತ್ರ ಪೂರ್ತಿ ನಷ್ಟ. ಏರುಮಡಿಯ ಎರಡು ಪಕ್ಕಕ್ಕೆ ಹೊಟ್ಟು ತುಂಬಿ ಹೊಲಿದ ಚೀಲಗಳನ್ನು ಒರಗಿಸಿ, ಅವುಗಳ ಮೇಲೆ ಡ್ರಿಪ್ಪಿನ ನೀರು ಬೀಳದಂತೆ ನೋಡಿಕೊಳ್ಳಿ.

ಸಸಿಮಡಿ

ಹಾಗೆಯೇ ಮಾಡುತ್ತೇನೆ. ನಾಳೆ ಹಳೆಯ ಭಾಗಕ್ಕೆ ಕೃಷಿಹೊಂಡದ ನೀರು ಬಿಟ್ಟು ಉಪ್ಪು ತೊಳೆದು, ನಾಡಿದ್ದಿನಿಂದ 40 ಡಿಗ್ರಿಯ ನೀರು ಹರಿಸುತ್ತೇನೆ. ಹರಿಹರದ ಅಣ್ಣನವರೇ, ಹೊಟ್ಟಿನ ಹದಿನಾರು ಚೀಲ ಬೇಕಾಗಬಹುದು, ಗಿರಣಿಯಲ್ಲಿ ವಿಚಾರಿಸಿ ತಿಳಿಸಿ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುವುದರೊಳಗೆ ಇನ್ನೊಂದು ತಂಡ ಕಡ್ಡಿ ನೆಡಬೇಕು.